ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೂ ಹಿರಿಯರಿಗೆ ಮಂಪರು ಏಕೆ? ಆ ಮಂಪರಿನ ಆಳವನ್ನು ಅಳೆಯುವುದು ಹೇಗೆ?

ವಿಜಯಪುರದ ಜಲನಗರದಿಂದ ಓದುಗರೊಬ್ಬರು ನಮಗೆ ಒಂದು ಫಾರ್ವರ್ಡ್ ಕಳಿಸಿದ್ದರು. ಅದರ ಕೆಳಗೆ ಅವರದೇ ಪ್ರಶ್ನೆ: "ನಮ್ಮ ಆಯಿ ತಿಕೋಟಾದಾಗ ಬಚ್ಚಲದಾಗ ಜಾರಿ ಬಿದ್ದಾಳ್ರಿ. ಟೊಂಕದ ಎಲುವು ಮುರದೈತ್ರಿ. ಬೆನ್ನಿಗೆ ಸೂಜಿ ಹಾಕಿ ಆಪರೇಷನ್ ಮಾಡ್ತೀವಿ ಅಂದಾರ. ಇದನ್ನ ಓದಿ ಮನ್ಯಾಗ ಎಲ್ಲಾರೂ ಅಂಜ್ಯಾರ. ಇದು ಖರೇ ಏನ್ರಿ?"

ಆ ಫಾರ್ವರ್ಡ್‌ನಲ್ಲಿ ಮೂರು ಮಾತುಗಳಿದ್ದವು. ಒಂದು, 60 ದಾಟಿದವರಿಗೆ ಬೆನ್ನಿಗೆ ಕೊಟ್ಟ ಇಂಜೆಕ್ಷನ್ ಮಿದುಳಿಗೆ ಏರಿ ಬುದ್ಧಿ ಕೆಡಿಸುತ್ತದೆ. ಎರಡು, ಬೆನ್ನಿಗೆ ಕೊಟ್ಟರೆ ಸಾಕಲ್ಲ, ಮತ್ತೆ ನಿದ್ದೆ ಬರಿಸುವುದು ಏಕೆ? ಒಳಗೆ ನಡೆಯುವುದು ರೋಗಿಗೆ ಗೊತ್ತಾಗಬಾರದೆಂದು. ಮೂರು, ಹಿರಿಯರಿಗೆ ಆಪರೇಷನ್ ಮಾಡಿಸಬೇಡಿ, ಪಟ್ಟು ಹಾಕಿ ಮಲಗಿಸಿ, ಎಲುಬು ತಾನೇ ಕೂಡಿಕೊಳ್ಳುತ್ತದೆ. ಕೊನೆಗೆ ಎಂದಿನಂತೆ, ಹತ್ತು ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ.

ನಮ್ಮ ಚುಟುಕು ಉತ್ತರ: ಮೊದಲನೆಯದು ಸುಳ್ಳು. ಎರಡನೆಯದೂ ಸುಳ್ಳು, ಆದರೆ ಅದರ ಹಿಂದೆ ಕೇಳಲೇಬೇಕಾದ ಒಂದು ಒಳ್ಳೆಯ ಪ್ರಶ್ನೆ ಅಡಗಿದೆ. ಮೂರನೆಯದು ಜೀವಕ್ಕೆ ಅಪಾಯ ತರುವ ಮಾತು.

ಮೂರನೆಯದನ್ನೇ ಮೊದಲು ಮುಗಿಸೋಣ, ಏಕೆಂದರೆ ಅಲ್ಲಿ ಹೊತ್ತು ಕಳೆಯುವಂತಿಲ್ಲ. ಸೊಂಟದ ಕೀಲಿನ ಬಳಿ ತೊಡೆಯ ಎಲುಬು ಮುರಿದ ಹಿರಿಯರನ್ನು ಹಾಸಿಗೆಯಲ್ಲೇ ಬಿಟ್ಟರೆ ಎಲುಬಿಗಿಂತ ಮೊದಲು ಉಳಿದದ್ದು ಕೆಡುತ್ತದೆ. ಬೆನ್ನಿಗೆ ಹಾಸಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಮೂತ್ರದ ಸೋಂಕು. ಇಂಗ್ಲೆಂಡಿನ ಆರೋಗ್ಯ ವ್ಯವಸ್ಥೆಗೆ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ, ಇಂಥ ರೋಗಿಗೆ ಆಸ್ಪತ್ರೆಗೆ ಸೇರಿದ ದಿನ ಇಲ್ಲವೇ ಮರುದಿನವೇ ಆಪರೇಷನ್ ಆಗಬೇಕು ಎನ್ನುತ್ತದೆ. ಹೃದಯದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ ಹೀಗೆ ಕಾರಣವಿದ್ದು ವೈದ್ಯರೇ ಕಾಯಿಸಿದರೆ ಅದು ಬೇರೆ. ಫಾರ್ವರ್ಡ್ ಓದಿ ನಾವು ಕಾಯಿಸುವುದು ಬೇರೆ. ನಾವು ವೈದ್ಯರಲ್ಲ, ಹಾಗಾಗಿ ಆ ಓದುಗರಿಗೆ ಹೇಳಿದ್ದು ಇಷ್ಟೇ: ಈ ಮೆಸೇಜ್ ನಂಬಿ ದಿನ ಮುಂದೂಡಬೇಡಿ, ನಿಮ್ಮ ಪ್ರಶ್ನೆಗಳನ್ನು ಅರವಳಿಕೆ ವೈದ್ಯರ ಮುಂದೆ ಇಡಿ.

ಆ ಪ್ರಶ್ನೆಗಳು ಯಾವುವು ಎಂಬುದಕ್ಕೇ ಈ ಬರಹ.

ಬೆನ್ನಿನ ಇಂಜೆಕ್ಷನ್ ಎಲ್ಲಿಗೆ ಹೋಗುತ್ತದೆ?

ಇದಕ್ಕೆ ಸ್ಪೈನಲ್ ಅನ್ನುತ್ತಾರೆ. ಬೆನ್ನುಹುರಿಯ ಸುತ್ತ ಒಂದು ತೆಳು ಚೀಲವಿದೆ, ಅದರಲ್ಲಿ ನೀರಿನಂಥ ದ್ರವವಿದೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ಮೂರನೆಯ ಮತ್ತು ನಾಲ್ಕನೆಯ ಕಶೇರುಗಳ ನಡುವೆ. ಅಲ್ಲಿ ಹುರಿ ಇಲ್ಲ, ದ್ರವದಲ್ಲಿ ತೇಲುವ ನರದ ಎಳೆಗಳಷ್ಟೇ. "ಸೂಜಿ ಹುರಿಗೆ ಚುಚ್ಚಿ ಕಾಲು ಬಿದ್ದುಹೋಗುತ್ತದೆ" ಎಂಬ ಹೆದರಿಕೆಗೆ ಇದೇ ಉತ್ತರ.

ಕೊಡುವ ಔಷಧ ಹೆಚ್ಚಾಗಿ ಬ್ಯುಪಿವಕೇನ್, ಅದೂ ಎರಡು ಮೂರು ಮಿಲಿ ಮಾತ್ರ. ಅದರಲ್ಲಿ ಸಕ್ಕರೆ ಬೆರೆಸಿ ತೂಕ ಹೆಚ್ಚಿಸಿರುತ್ತಾರೆ, ಇಳಿಜಾರು ಇದ್ದ ಕಡೆ ಅದು ಹರಿಯುತ್ತದೆ. ಅದಕ್ಕೇ ಕೊಟ್ಟ ಕೂಡಲೇ ರೋಗಿಯನ್ನು ಹೀಗೆ ಮಲಗಿಸು, ಹಾಗೆ ಮಲಗಿಸು ಎಂಬ ಗಡಿಬಿಡಿ. ಔಷಧ ಸೇರಿದ ನರಗಳು ಕೆಲ ಗಂಟೆ ಸುದ್ದಿ ಸಾಗಿಸುವುದನ್ನು ನಿಲ್ಲಿಸುತ್ತವೆ, ಆಮೇಲೆ ತಾವಾಗಿಯೇ ಎಚ್ಚರಗೊಳ್ಳುತ್ತವೆ. ಈ ವಿಧಾನ ಹೊಸದೇನಲ್ಲ. ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಎಂಬ ಸರ್ಜನ್ 1898ರಲ್ಲೇ ಇದನ್ನು ಮಾಡಿದ್ದರು.

ಔಷಧ ಬೇಕಾದ್ದಕ್ಕಿಂತ ಮೇಲೆ ಏರಬಹುದೇ? ಅಪರೂಪಕ್ಕೆ ಏರಬಹುದು. ಆಗ ಬಿಪಿ ಇಳಿಯುತ್ತದೆ, ಉಸಿರು ಭಾರವಾಗುತ್ತದೆ. ಅರವಳಿಕೆ ವೈದ್ಯರು ತಣ್ಣನೆಯ ಹತ್ತಿಯನ್ನು ಹೊಟ್ಟೆಯ ಮೇಲೆ, ಎದೆಯ ಮೇಲೆ ಇಟ್ಟು "ತಣ್ಣಗ ಅನ್ನಸ್ತದೇನ್ರಿ?" ಎಂದು ಕೇಳುವುದು ಅದನ್ನು ಪತ್ತೆಹಚ್ಚುವುದಕ್ಕೆ. ಅದು ಆ ಹೊತ್ತಿನ ತೊಂದರೆ, ಆಗಲೇ ಚಿಕಿತ್ಸೆಯೂ ಇದೆ. ಅಲ್ಲಿಂದ ಬುದ್ಧಿಗೆ ಏರಿ ಜೀವನಪೂರ್ತಿ ಕೂರುವ ಔಷಧ ಇದಲ್ಲ.

ಹಾಗಿದ್ದರೆ ನಿದ್ದೆ ಏಕೆ?

ಸೊಂಟದಿಂದ ಕೆಳಗೆ ನೋವು ಗೊತ್ತಾಗುವುದಿಲ್ಲ ಸರಿ, ಆದರೆ ಕಿವಿ ಕೇಳುತ್ತಿರುತ್ತದೆ. ಮೊಣಕಾಲು ಬದಲಿಸುವಾಗ, ಚಪ್ಪೆಯ ಎಲುಬಿಗೆ ರಾಡು ಕೂರಿಸುವಾಗ ಓಟಿಯಲ್ಲಿ ಡ್ರಿಲ್, ಗರಗಸ, ಸುತ್ತಿಗೆಯ ಸದ್ದು. ಬಡಿಗೇರರ ಮನೆಯಂತೆಯೇ. ಮೇಲೆ ಏಸಿಯ ಚಳಿ, ಅಗಲವಿಲ್ಲದ ಗಟ್ಟಿ ಟೇಬಲ್, ಒಂದೂವರೆ ಎರಡು ತಾಸು ಅಲುಗಾಡದೆ ಮಲಗುವುದು. 75 ವರ್ಷದವರಿಗೆ ಇದು ಸಣ್ಣ ಶಿಕ್ಷೆಯಲ್ಲ. ಹೆದರಿಕೆಯಿಂದ ಬಿಪಿ ಏರಿದರೆ ಹೃದಯಕ್ಕೂ ಒಳ್ಳೆಯದಲ್ಲ. ಅದಕ್ಕೆಂದು ಕೈಯ ಸಲೈನ್ ಮೂಲಕ ಸ್ವಲ್ಪ ಮಂಪರು ಬರಿಸುತ್ತಾರೆ. ಮಿಡಜೋಲಂ, ಪ್ರೊಪೊಫಾಲ್, ಡೆಕ್ಸ್‌ಮೆಡಿಟೊಮಿಡಿನ್, ಇವು ಹೆಚ್ಚು ಬಳಕೆಯಲ್ಲಿರುವ ಔಷಧಗಳು. ತಪ್ಪು ಮುಚ್ಚಿಕೊಳ್ಳುವುದಕ್ಕೆ ಅಲ್ಲ. ಮಂಪರು ಬೇಡ ಎಂದು ರೋಗಿ ಹೇಳಬಹುದು, ಎಷ್ಟೋ ಜನ ಎಚ್ಚರವಾಗಿಯೇ ಮುಗಿಸಿಕೊಂಡು ಬರುತ್ತಾರೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮಂಪರಿನ ಔಷಧವನ್ನೇ ಕೊಡದಿದ್ದರೂ ಸ್ಪೈನಲ್ ಆದ ಮೇಲೆ ಹಿರಿಯರು ತೂಕಡಿಸುತ್ತಾರೆ. ಕಾಲು, ಹೊಟ್ಟೆಯಿಂದ ಮಿದುಳಿಗೆ ಸದಾ ಹೋಗುತ್ತಿದ್ದ ಸುದ್ದಿಗಳು ಒಮ್ಮೆಗೇ ನಿಂತಾಗ, ಮಿದುಳನ್ನು ಎಚ್ಚರವಾಗಿಡುವ ಭಾಗಕ್ಕೆ ಕೆಲಸ ಕಡಿಮೆಯಾಗುತ್ತದೆ. ಎಂದರೆ, ಸ್ಪೈನಲ್ ಆದವರಿಗೆ ಕೊಡುವ ಮಂಪರಿನ ಔಷಧ ಈಗಾಗಲೇ ಅರ್ಧ ತೂಕಡಿಸುತ್ತಿರುವ ಮಿದುಳಿಗೆ ಬೀಳುತ್ತದೆ. ಎಲ್ಲರಿಗೂ ಕೊಡುವ ಅಳತೆಯನ್ನೇ ಇಲ್ಲಿ ಕೊಟ್ಟರೆ ಅದು ಹೆಚ್ಚಾಗುತ್ತದೆ.

ಜಾರುವ ಮೆಟ್ಟಿಲುಗಳು

ಅಮೆರಿಕದ ಅರವಳಿಕೆ ತಜ್ಞರ ಸಂಘ ಮಂಪರನ್ನು ನಾಲ್ಕು ಹಂತವಾಗಿ ನೋಡುತ್ತದೆ. ಮೊದಲ ಹಂತದಲ್ಲಿ ಮನಸ್ಸಿನ ಗಾಬರಿ ಇಳಿದಿರುತ್ತದೆ, ಮಾತಿಗೆ ಮಾಮೂಲಿನಂತೆ ಉತ್ತರ. ಎರಡನೆಯದರಲ್ಲಿ ಕಣ್ಣು ಮುಚ್ಚಿರುತ್ತದೆ, ಕರೆದರೆ ಅಥವಾ ಮೆಲ್ಲಗೆ ತಟ್ಟಿದರೆ ಕಣ್ಣು ಬಿಟ್ಟು ಹೇಳಿದ್ದು ಮಾಡುತ್ತಾರೆ. ಮೂರನೆಯದರಲ್ಲಿ ಮತ್ತೆ ಮತ್ತೆ ಕರೆದು ಅಲುಗಿಸಿದರೆ ಅಥವಾ ನೋವು ಮಾಡಿದರೆ ಮಾತ್ರ ಪ್ರತಿಕ್ರಿಯೆ, ಉಸಿರಾಟಕ್ಕೆ ಸಹಾಯ ಬೇಕಾಗಬಹುದು. ನಾಲ್ಕನೆಯದು ಪೂರ್ತಿ ಅರವಳಿಕೆ. ಇವುಗಳ ನಡುವೆ ಗೋಡೆಗಳಿಲ್ಲ. ಎರಡನೆಯದರಲ್ಲಿ ನಿಲ್ಲಿಸಬೇಕೆಂದು ಹೊರಟವರು ಮೂರಕ್ಕೆ ಜಾರಬಹುದು, ವಯಸ್ಸಾದಂತೆ ಆ ಜಾರುವಿಕೆ ಸುಲಭವಾಗುತ್ತದೆ.

ಏಕೆ? ವಯಸ್ಸಾದ ದೇಹದಲ್ಲಿ ನೀರಿನ ಪಾಲು ಕಡಿಮೆ, ಕೊಬ್ಬಿನ ಪಾಲು ಹೆಚ್ಚು. ಔಷಧವನ್ನು ಹೊರಹಾಕುವ ಲಿವರ್, ಕಿಡ್ನಿ ನಿಧಾನ. ಮಿದುಳು ಅದೇ ಔಷಧಕ್ಕೆ ಹೆಚ್ಚು ಬಗ್ಗುತ್ತದೆ. ಇವೆಲ್ಲಕ್ಕಿಂತ ಮೋಸದ ಸಂಗತಿ ಇನ್ನೊಂದು: ರಕ್ತ ನಿಧಾನವಾಗಿ ಸುತ್ತುವುದರಿಂದ ಔಷಧ ತಡವಾಗಿ ಹಿಡಿಯುತ್ತದೆ. ಬಬಲೇಶ್ವರದ ಕಡೆ ದ್ರಾಕ್ಷಿ ಪಡಕ್ಕೆ ನೀರು ಬಿಡುವವರಿಗೆ ಇದು ಬೇಗ ತಿಳಿಯುತ್ತದೆ. ವಾಲ್ವ್ ತಿರುವಿದ ಕೂಡಲೇ ಕೊನೆಯ ಸಾಲಿಗೆ ನೀರು ಬರುವುದಿಲ್ಲ. ಬರಲಿಲ್ಲವೆಂದು ಇನ್ನೂ ತಿರುವಿದರೆ ಸ್ವಲ್ಪ ಹೊತ್ತಿಗೆ ಮೊದಲು ಬಿಟ್ಟದ್ದೂ ಆಮೇಲೆ ಬಿಟ್ಟದ್ದೂ ಒಟ್ಟಿಗೇ ಬರುತ್ತದೆ. ಮಿಡಜೋಲಂ ಔಷಧದ ಸೂಚನಾ ಪತ್ರದಲ್ಲೇ 60 ದಾಟಿದವರ ಬಗ್ಗೆ ಬೇರೆ ಮಾತಿದೆ: ಕೆಲವರಿಗೆ 1 ಮಿಲಿಗ್ರಾಂ ಸಾಕಾಗಬಹುದು, ಎರಡು ನಿಮಿಷಗಳಲ್ಲಿ 1.5 ಮಿಲಿಗ್ರಾಂ ಮೀರಬಾರದು, ಆಮೇಲೆ ಇನ್ನೂ ಎರಡು ನಿಮಿಷವಾದರೂ ಕಾದು ಪರಿಣಾಮ ನೋಡಬೇಕು.

ಕೊಟ್ಟದ್ದು ಎಷ್ಟು ಎಂಬುದಕ್ಕಿಂತ ಅದು ಎಷ್ಟು ಹಿಡಿದಿದೆ ಎಂದು ನೋಡುತ್ತಾ ಇರುವುದೇ ಇಲ್ಲಿ ಮುಖ್ಯ. ಫಾರ್ವರ್ಡ್‌ನ ಎರಡನೆಯ ಮಾತಿನ ಹಿಂದೆ ಒಳ್ಳೆಯ ಪ್ರಶ್ನೆಯಿದೆ ಅಂದೆವಲ್ಲ, ಅದು ಇದು: ಮಂಪರು ಎಷ್ಟು ಆಳಕ್ಕೆ ಹೋಗಿದೆ ಎಂದು ನೋಡುವವರು ಯಾರು, ಹೇಗೆ ನೋಡುತ್ತಾರೆ?

ಹೆಸರು ಹಿಡಿದು ಕರೆಯುವುದೇ ಮೊದಲ ಮಾನಿಟರ್

ತಂತಿ ಬೇಡ, ಕರೆಂಟು ಬೇಡ. ರೋಗಿಯ ಹೆಸರು ಕರೆದು ನೋಡುವುದು. ಇದಕ್ಕೂ ಅಂಕಗಳಿವೆ. 1990ರಲ್ಲಿ ಪ್ರಕಟವಾದ ಒಎಎಎಸ್ ಎಂಬ ಅಳತೆಯಲ್ಲಿ ಮಾಮೂಲಿ ದನಿಯಲ್ಲಿ ಕರೆದ ಕೂಡಲೇ ಓಗೊಟ್ಟರೆ 5. ಜಡವಾಗಿ ಓಗೊಟ್ಟರೆ 4. ಜೋರಾಗಿ ಅಥವಾ ಮತ್ತೆ ಮತ್ತೆ ಕರೆದರೆ ಮಾತ್ರ ಎಂದರೆ 3. ಮೆಲ್ಲಗೆ ಅಲುಗಿಸಿದರೆ ಮಾತ್ರ 2. ಅದಕ್ಕೂ ಏಳದಿದ್ದರೆ 1. ಇದಕ್ಕಿಂತ ಹಳೆಯದು 1974ರ ರಾಮ್ಸೆ ಅಳತೆ. ಅದು ತಿರುಗುಮುರುಗು: ಗಾಬರಿಯಿಂದ ಒದ್ದಾಡುವವರಿಗೆ 1, ಶಾಂತವಾಗಿ ಎಚ್ಚರವಿರುವವರಿಗೆ 2, ಏನು ಮಾಡಿದರೂ ಅಲುಗದವರಿಗೆ 6. ಆಸ್ಪತ್ರೆಯ ಚೀಟಿಯಲ್ಲಿ ಸುಮ್ಮನೆ "3" ಎಂದು ನೋಡಿ ಯಾರೂ ಏನೂ ಊಹಿಸಿಕೊಳ್ಳಬಾರದು, ಯಾವ ಅಳತೆಯ 3 ಎಂಬುದು ಗೊತ್ತಿರಬೇಕು.

ಈ ಅಳತೆಯ ಬಲ ಮತ್ತು ದೌರ್ಬಲ್ಯ ಎರಡೂ ಒಂದೇ: ಅದು ಮಾತನ್ನು ನಂಬಿದೆ. ಅಜ್ಜನಿಗೆ ಕಿವಿ ಮಂದವಿದ್ದು, ಕಿವಿಯ ಮಷಿನ್ ವಾರ್ಡಿನ ಟೇಬಲ್ ಮೇಲೇ ಉಳಿದಿದ್ದರೆ? ಕರೆದದ್ದು ಕೇಳಿಸಿಲ್ಲ, ಆದರೆ ವೈದ್ಯರಿಗೆ ಅದು ಆಳವಾದ ಮಂಪರಿನಂತೆ ಕಾಣುತ್ತದೆ. ಭಾಷೆಯದೂ ಇದೇ ಕಥೆ. ವಿಜಯಪುರದಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ. ಅಲ್-ಅಮೀನ್ 1984ರಲ್ಲಿ, ಬಿಎಲ್‌ಡಿಇಯ ಬಿ.ಎಂ. ಪಾಟೀಲ ಕಾಲೇಜು 1986ರಲ್ಲಿ ಶುರುವಾದವು. ಮೆಡಿಕಲ್ ಕಾಲೇಜು ಎಂದ ಮೇಲೆ ಕಲಿಯಲು ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ಬಂದವರೂ ಇರುತ್ತಾರೆ. ಪುಸ್ತಕದ ಕನ್ನಡದಲ್ಲಿ "ನಿಮ್ಮ ಕಣ್ಣುಗಳನ್ನು ತೆರೆಯಿರಿ" ಎಂದರೆ ಹೊಲದಲ್ಲೇ ಬಾಳು ಕಳೆದ ಆಯಿ ಅದು ತನಗೆ ಹೇಳಿದ್ದೆಂದು ತಿಳಿಯದಿರಬಹುದು. "ಆಯಿ, ಕಣ್ಣ ತೆಗಿ" ಎಂದರೆ ತಟ್ಟನೆ ತೆಗೆಯುತ್ತಾಳೆ. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು ಎಂಬುದೂ ನಮ್ಮಲ್ಲಿ ಸಾಮಾನ್ಯ. 70 ವರ್ಷದಿಂದ ಯಾರೂ ಕರೆಯದ ಹೆಸರಿಗೆ ಮಂಪರಿನಲ್ಲಿ ಯಾರು ಓಗೊಡುತ್ತಾರೆ?

ನಮ್ಮ ಮಟ್ಟಿಗೆ ಈ ಇಡೀ ಬರಹದಲ್ಲಿ ಮನೆಯವರ ಕೈಯಲ್ಲಿರುವ ಅತಿ ಅಗ್ಗದ, ಅತಿ ಉಪಯೋಗದ ಕೆಲಸ ಇದೇ. ಆಪರೇಷನ್ ಹಿಂದಿನ ದಿನ ಅರವಳಿಕೆ ವೈದ್ಯರು ನೋಡಲು ಬಂದಾಗ ಹೇಳಿಬಿಡಿ: ಮನ್ಯಾಗ ಹೀಂಗ ಕರಿತೀವ್ರಿ, ಎಡಗಿವಿ ಕೇಳಂಗಿಲ್ರಿ, ಬಲಗಡೆ ನಿಂತ ಮಾತಾಡ್ರಿ. ಕಿವಿಯ ಮಷಿನ್ ಓಟಿಯೊಳಗೆ ಹಾಕಿಕೊಂಡು ಹೋಗಬಹುದೇ ಎಂದು ಕೇಳಿ. ಸ್ಪೈನಲ್‌ಗೆ ಹಲವು ಕಡೆ ಒಪ್ಪುತ್ತಾರೆ.

ಹಣೆಯ ಪಟ್ಟಿ ಏನು ಹೇಳುತ್ತದೆ?

ಹೆಸರು ಕರೆಯುವುದರಲ್ಲಿ ಇನ್ನೊಂದು ಕೊರತೆ ಇದೆ. ಅಳೆಯಬೇಕೆಂದರೆ ಎಬ್ಬಿಸಬೇಕು. ಎಬ್ಬಿಸಿದ ಮೇಲೆ ಅದು ಅದೇ ಮಂಪರಲ್ಲ. ಇದಕ್ಕೆ ಉತ್ತರವಾಗಿ ಬಂದದ್ದು ಮಿದುಳಿನ ಅಲೆಗಳನ್ನು ನೋಡುವ ಯಂತ್ರ. ಬಿಐಎಸ್, ಆಡುಮಾತಿನಲ್ಲಿ ಬಿಸ್, ಇವುಗಳಲ್ಲಿ ಹೆಚ್ಚು ಹೆಸರಾದದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ 1996ರಲ್ಲಿ ಒಪ್ಪಿಗೆ ಕೊಟ್ಟಿತು. ಹಣೆಗೆ ಅಂಟಿಸುವ ಪಟ್ಟಿಯೊಂದು ಮಿದುಳಿನ ಸಣ್ಣ ವಿದ್ಯುತ್ ಅಲೆಗಳನ್ನು ಹಿಡಿಯುತ್ತದೆ, ಯಂತ್ರ ಅದನ್ನು ಲೆಕ್ಕ ಹಾಕಿ 0ರಿಂದ 100ರವರೆಗೆ ಒಂದು ಸಂಖ್ಯೆ ತೋರಿಸುತ್ತದೆ. ಪೂರ್ತಿ ಎಚ್ಚರವಿದ್ದಾಗ 90ಕ್ಕಿಂತ ಮೇಲೆ. ಪೂರ್ತಿ ಅರವಳಿಕೆಯಲ್ಲಿ 40ರಿಂದ 60. ಸ್ಪೈನಲ್ ಜೊತೆಗಿನ ಹಗುರ ಮಂಪರಿಗೆ ಇದಕ್ಕಿಂತ ಸಾಕಷ್ಟು ಮೇಲೆಯೇ ಇರಬೇಕು. ಮನಸ್ಸಿನಲ್ಲಿ ಏನಿದೆ ಎಂದು ಓದುವ ಯಂತ್ರ ಇದಲ್ಲ, ಶಾಕ್ ಕೊಡುವ ಯಂತ್ರವಂತೂ ಅಲ್ಲವೇ ಅಲ್ಲ.

ಸಂಖ್ಯೆ ಕಂಡರೆ ನಮಗೆಲ್ಲ ನಂಬಿಕೆ ಜಾಸ್ತಿ. ಆದರೆ ಈ ಸಂಖ್ಯೆಗೂ ತಪ್ಪು ಹಾದಿಗಳಿವೆ. ಹಣೆ ಗಂಟಿಕ್ಕಿದರೆ ಅಲ್ಲಿನ ಸ್ನಾಯುವಿನ ವಿದ್ಯುತ್ತು ಸೇರಿಕೊಂಡು ಸಂಖ್ಯೆ ಸುಳ್ಳಾಗಿ ಏರುತ್ತದೆ. ಕೆಟಮಿನ್ ಎಂಬ ಔಷಧ ಕೊಟ್ಟರೆ ರೋಗಿ ಆಳಕ್ಕೆ ಹೋಗುತ್ತಿದ್ದರೂ ಸಂಖ್ಯೆ ಏರಬಹುದು. ಮರೆವಿನ ಕಾಯಿಲೆ ಇರುವವರಲ್ಲಿ ಎಚ್ಚರದಲ್ಲಿದ್ದಾಗಲೇ ಸಂಖ್ಯೆ ಕಡಿಮೆ ಇರಬಹುದು. ಲೆಕ್ಕ ಹಾಕಲು ಯಂತ್ರಕ್ಕೆ ಕೆಲ ಸೆಕೆಂಡು ಬೇಕು, ಹಾಗಾಗಿ ಪರದೆಯ ಮೇಲಿನದು ಸ್ವಲ್ಪ ಹಿಂದಿನ ಸುದ್ದಿ. ಹೀಗಾಗಿ ಒಳ್ಳೆಯ ಅರವಳಿಕೆ ವೈದ್ಯರು ಸಂಖ್ಯೆಯನ್ನೂ ನೋಡುತ್ತಾರೆ, ಹೆಸರನ್ನೂ ಕರೆಯುತ್ತಾರೆ, ಎರಡೂ ಹೊಂದದಿದ್ದರೆ ಸಂಖ್ಯೆಯನ್ನು ಬಿಟ್ಟು ಮನುಷ್ಯನನ್ನು ನೋಡುತ್ತಾರೆ.

ಈ ಪಟ್ಟಿ ಒಬ್ಬರಿಗೆ ಒಮ್ಮೆ ಮಾತ್ರ ಬಳಸುವಂಥದ್ದು, ಬೆಲೆಯೂ ಹೆಚ್ಚು. ಎಲ್ಲ ಆಸ್ಪತ್ರೆಗಳಲ್ಲಿ, ಎಲ್ಲ ಆಪರೇಷನ್‌ಗೂ ಹಾಕುವುದಿಲ್ಲ. ಹಣೆಗೆ ಪಟ್ಟಿ ಹಾಕಲಿಲ್ಲ, ಆದ್ದರಿಂದ ನಿರ್ಲಕ್ಷ್ಯ ಮಾಡಿದರು ಎಂದು ಯಾರಾದರೂ ಹೊಸ ಫಾರ್ವರ್ಡ್ ಹುಟ್ಟಿಸುವ ಮೊದಲು ಇದನ್ನು ಹೇಳಿಬಿಡುತ್ತೇವೆ.

ಆಕ್ಸಿಮೀಟರ್ 98 ತೋರಿಸುತ್ತಿದೆ, ಸಾಕಲ್ಲವೇ?

ಕೋವಿಡ್ ಕಾಲದಲ್ಲಿ ಮನೆಮನೆಗೂ ಬೆರಳಿನ ಆಕ್ಸಿಮೀಟರ್ ಬಂತು. ಅದರ ಮೂಲ ತತ್ವವನ್ನು ಜಪಾನಿನ ತಾಕುವೊ ಅಯೊಯಾಗಿ 1974ರಲ್ಲಿ ಕಂಡುಕೊಂಡರು, ಅರವಳಿಕೆಯನ್ನು ಸುರಕ್ಷಿತ ಮಾಡಿದ ದೊಡ್ಡ ಸಾಧನಗಳಲ್ಲಿ ಅದೂ ಒಂದು. ಆದರೆ ಅದು ಅಳೆಯುವುದು ರಕ್ತದಲ್ಲಿನ ಆಮ್ಲಜನಕವನ್ನು, ಉಸಿರಾಟವನ್ನಲ್ಲ.

ವ್ಯತ್ಯಾಸ ಇಲ್ಲಿದೆ. ಓಟಿಯಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿರುತ್ತಾರೆ. ಮಂಪರು ಆಳವಾಗಿ ಹಿರಿಯರ ನಾಲಿಗೆ ಹಿಂದಕ್ಕೆ ಬಿದ್ದು, ಉಸಿರು ಅರ್ಧಕ್ಕೆ ಇಳಿದರೂ, ಒಳಗೆ ತುಂಬಿಟ್ಟ ಆಮ್ಲಜನಕದಿಂದ ಬೆರಳಿನ ಯಂತ್ರ ಸ್ವಲ್ಪ ಹೊತ್ತು 98 ಅನ್ನುತ್ತಲೇ ಇರುತ್ತದೆ. ತೊಟ್ಟಿಗೆ ನೀರು ಬರುವುದು ನಿಂತರೂ ನಲ್ಲಿಯಲ್ಲಿ ಸ್ವಲ್ಪ ಹೊತ್ತು ನೀರು ಬರುತ್ತದಲ್ಲ, ಹಾಗೆ. ಸಂಖ್ಯೆ ಇಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಇದನ್ನು ಮೊದಲೇ ಹಿಡಿಯುವುದು ಕ್ಯಾಪ್ನೋಗ್ರಫಿ. ಹೊರಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆದು, ಪ್ರತಿ ಉಸಿರಿಗೂ ಪರದೆಯ ಮೇಲೆ ಒಂದು ಅಲೆ ಬರೆಯುತ್ತದೆ. ಉಸಿರು ನಿಂತರೆ ಅಲೆ ಆ ಕ್ಷಣವೇ ಮಲಗುತ್ತದೆ. ಅಮೆರಿಕದ ಅರವಳಿಕೆ ಸಂಘ 2011ರಿಂದ ಮಧ್ಯಮ ಮತ್ತು ಆಳ ಮಂಪರಿಗೆ ಇದು ಇರಬೇಕೆಂದು ನಿಯಮ ಮಾಡಿದೆ. ಬಿಸ್ ಪಟ್ಟಿ ಮತ್ತು ಕ್ಯಾಪ್ನೋಗ್ರಫಿ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ, ಮಂಪರು ಪಡೆದ ಹಿರಿಯರಿಗೆ ನಾವು ಉಸಿರಿನ ಅಲೆಯನ್ನೇ ಆರಿಸುತ್ತೇವೆ. ಮಿದುಳಿನ ಸಂಖ್ಯೆ ನಾಳೆಯ ಗೊಂದಲದ ಬಗ್ಗೆ ಏನೋ ಹೇಳಬಹುದು, ಉಸಿರು ಈಗಿನ ಜೀವದ ಬಗ್ಗೆ ಹೇಳುತ್ತದೆ.

"ಆಪರೇಷನ್ ಆದ ಮ್ಯಾಲೆ ಮುತ್ಯಾಗ ಹುಚ್ಚ ಹಿಡಿತು"

ಫಾರ್ವರ್ಡ್‌ನ ಮೊದಲ ಮಾತು ಹುಟ್ಟಿದ್ದು ಗಾಳಿಯಿಂದಲ್ಲ. ಅಂಥದ್ದನ್ನು ಕಣ್ಣಾರೆ ಕಂಡ ಮನೆಗಳಿವೆ. ಆಪರೇಷನ್ ಚೆನ್ನಾಗಿ ಆಗಿರುತ್ತದೆ, ಮರುದಿನ ಸಂಜೆ ಅಜ್ಜ ಮಗನನ್ನೇ ಗುರುತಿಸುವುದಿಲ್ಲ, ಸಲೈನ್ ಕಿತ್ತುಹಾಕುತ್ತಾನೆ, ಗೋಡೆಯ ಮೇಲೆ ದನ ಕಾಣುತ್ತಿವೆ ಎನ್ನುತ್ತಾನೆ, ಎತ್ತು ಬಿಚ್ಚಬೇಕು ಎಂದು ಎದ್ದು ಹೊರಡುತ್ತಾನೆ. ಹಳೆಯ ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ: ಸನ್ನಿ. ವೈದ್ಯರು ಡೆಲಿರಿಯಂ ಅನ್ನುತ್ತಾರೆ. ಇದು ಹುಚ್ಚಲ್ಲ, ಮರೆವಿನ ಕಾಯಿಲೆಯೂ ಅಲ್ಲ. ಥಟ್ಟನೆ ಶುರುವಾಗುತ್ತದೆ, ಹಗಲು ಇಳಿದು ರಾತ್ರಿ ಏರುತ್ತದೆ, ಬಹಳ ಜನರಲ್ಲಿ ಕೆಲ ದಿನಗಳಲ್ಲಿ ತಿಳಿಯಾಗುತ್ತದೆ. ಆದರೂ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಸನ್ನಿ ಬಂದವರು ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯುತ್ತಾರೆ, ಮತ್ತೆ ಬೀಳುವ ಅಪಾಯವಿರುತ್ತದೆ.

ಮಂಪರು ಆಳವಾದಷ್ಟೂ ಸನ್ನಿ ಹೆಚ್ಚೇ? ಇಲ್ಲಿ ಸಂಶೋಧನೆಯ ಕಥೆ ಸ್ವಾರಸ್ಯವಾಗಿದೆ. 2010ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ವೈದ್ಯರು ಸೊಂಟದ ಮೂಳೆ ಮುರಿದು ಸ್ಪೈನಲ್ ಪಡೆದ 114 ಹಿರಿಯರ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಅರ್ಧ ಜನರಿಗೆ ಬಿಸ್ ಸಂಖ್ಯೆ 80ರ ಮೇಲಿರುವಂತೆ ಹಗುರ ಮಂಪರು, ಉಳಿದವರಿಗೆ 50ರ ಸುಮಾರಿನ ಆಳ ಮಂಪರು. ಹಗುರ ಗುಂಪಿನಲ್ಲಿ ಸನ್ನಿ 19%, ಆಳ ಗುಂಪಿನಲ್ಲಿ 40%. ಅರ್ಧಕ್ಕರ್ಧ ವ್ಯತ್ಯಾಸ! ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯ ಫಾರ್ವರ್ಡ್ ಆಗುತ್ತಿತ್ತು.

ಅವರು ನಿಲ್ಲಿಸಲಿಲ್ಲ. ಅದೇ ತಂಡ 200 ಜನರ ಮೇಲೆ ಇನ್ನಷ್ಟು ಬಿಗಿಯಾದ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿತು. ಈ ಬಾರಿ ಮಂಪರನ್ನು ಅಳೆದದ್ದು ಮೇಲೆ ಹೇಳಿದ ಹೆಸರು ಕರೆಯುವ ಅಳತೆಯಿಂದ. ಆಳ ಮಂಪರಿನವರಲ್ಲಿ ಸನ್ನಿ 39%, ಹಗುರ ಮಂಪರಿನವರಲ್ಲಿ 34%. ಇಷ್ಟು ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು. ಆದರೆ ಬೇರೆ ಕಾಯಿಲೆಗಳಿಲ್ಲದ, ಗಟ್ಟಿಯಾಗಿದ್ದ ಹಿರಿಯರನ್ನು ಮಾತ್ರ ತೆಗೆದು ನೋಡಿದಾಗ ಆಳ ಮಂಪರು ಸನ್ನಿಯ ಅಪಾಯವನ್ನು ಎರಡು ಪಟ್ಟಿಗೂ ಹೆಚ್ಚಿಸಿತ್ತು. ಮೊದಲೇ ಹತ್ತು ಕಾಯಿಲೆಗಳಿದ್ದವರಲ್ಲಿ ಸನ್ನಿಗೆ ಬೇರೆ ಕಾರಣಗಳೇ ಸಾಕಷ್ಟಿರುವುದರಿಂದ ಮಂಪರಿನ ಪಾಲು ಮುಚ್ಚಿಹೋಗುತ್ತದೆ ಎಂದು ಇದನ್ನು ಓದಬಹುದು.

ಹಾಗಿದ್ದರೆ ಮಂಪರೇ ಕೊಡದಿದ್ದರೆ? ಚೀನಾದಲ್ಲಿ 65 ದಾಟಿದ 950 ಜನರ ಮೇಲೆ ಹೀಗೇ ನೋಡಿದರು, 2022ರಲ್ಲಿ ಪ್ರಕಟವಾಯಿತು. ಮಂಪರಿಲ್ಲದೆ ಸ್ಪೈನಲ್‌ನಂಥ ಅರವಳಿಕೆ ಪಡೆದವರಲ್ಲಿ ಸನ್ನಿ 6.2%, ಪೂರ್ತಿ ಪ್ರಜ್ಞೆ ತಪ್ಪಿಸಿದವರಲ್ಲಿ 5.1%. ಅಮೆರಿಕ ಮತ್ತು ಕೆನಡಾದ 1,600 ಜನರ ಇನ್ನೊಂದು ಅಧ್ಯಯನದಲ್ಲೂ, 2021ರದು, ಸ್ಪೈನಲ್ ಮತ್ತು ಪೂರ್ತಿ ಅರವಳಿಕೆ ಪಡೆದವರ ನಡುವೆ ಸನ್ನಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಬೆನ್ನಿನ ಇಂಜೆಕ್ಷನ್ನೇ ಬುದ್ಧಿ ಕೆಡಿಸುತ್ತದೆ ಎಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ. ಬೆನ್ನಿನ ಇಂಜೆಕ್ಷನ್ ಕೊಟ್ಟರೆ ಸನ್ನಿ ಬರುವುದೇ ಇಲ್ಲ ಎಂದು ಕೆಲವರು ಕೊಡುವ ಭರವಸೆಯೂ ಬೀಳುತ್ತದೆ.

ಈ ಅಧ್ಯಯನಗಳನ್ನು ಓದಿ ನಮಗೆ ಅನ್ನಿಸಿದ್ದು: ಬೇಕಾದಷ್ಟೇ ಮಂಪರು ಕೊಡುವುದು, ಅದರ ಆಳವನ್ನು ನೋಡುತ್ತಿರುವುದು ಖಂಡಿತ ಸರಿ. ಆದರೆ ಸನ್ನಿಯನ್ನು ಅದೊಂದರಿಂದಲೇ ತಡೆಯಲಾಗದು. ಮುರಿದ ಎಲುಬಿನ ನೋವು, ಸೋಂಕು, ರಕ್ತ ಕಡಿಮೆಯಾಗುವುದು, ನೀರು ಸಾಲದಿರುವುದು, ಮಲಬದ್ಧತೆ, ನಿದ್ದೆಗೇಡು, ಅಪರಿಚಿತ ವಾರ್ಡು, ಎಲ್ಲವೂ ಅದಕ್ಕೆ ಕೈ ಸೇರಿಸುತ್ತವೆ.

ಮನೆಯವರು ಏನು ಹೇಳಬೇಕು, ಏನು ಕೇಳಬೇಕು?

ಎಲ್ಲಕ್ಕಿಂತ ಮೊದಲು ನಿದ್ದೆ ಮಾತ್ರೆ. "ರಾತ್ರಿ ನಿದ್ದೆ ಬರಲ್ಲ" ಎಂದು ಅಲ್ಪ್ರಾಜೋಲಂನಂಥ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವ ಹಿರಿಯರಿದ್ದಾರೆ. ಕೇಳಿದರೆ ಅದನ್ನು ಮಾತ್ರೆ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಮಿಡಜೋಲಂನ ಕುಟುಂಬದ್ದೇ. ಅದರ ಮೇಲೆ ಇನ್ನೊಂದು ಬಿದ್ದರೆ ಆಳ ಹೆಚ್ಚುತ್ತದೆ, ಒಮ್ಮೆಗೇ ನಿಲ್ಲಿಸಿದರೆ ಅದರಿಂದಲೂ ಸನ್ನಿ ಬರಬಹುದು. ಕುಡಿತದ್ದೂ ಹೀಗೇ. ಊರಿನವರ ಮುಂದೆ ಹೇಳಲು ನಾಚಿಕೆಯಾದರೆ ವೈದ್ಯರನ್ನು ಪಕ್ಕಕ್ಕೆ ಕರೆದು ಹೇಳಿ. ಗಟ್ಟಿಯಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವ ಅಭ್ಯಾಸವಿದ್ದರೆ ಹೇಳಲೇಬೇಕು. ಇತ್ತೀಚೆಗೆ ದುಡ್ಡಿನ ಲೆಕ್ಕ ತಪ್ಪುವುದು, ದಾರಿ ಮರೆಯುವುದು ಶುರುವಾಗಿದ್ದರೆ ಅದನ್ನೂ. ಹಿಂದೆ ಯಾವುದಾದರೂ ಆಪರೇಷನ್ ಆದಾಗ ಸನ್ನಿ ಬಂದಿತ್ತೇ ಎಂಬುದನ್ನಂತೂ ಮರೆಯಬೇಡಿ.

ಕೇಳುವ ಪ್ರಶ್ನೆಗಳು ಹೆಚ್ಚೇನಿಲ್ಲ. ಮಂಪರು ಕೊಡುತ್ತೀರಾ, ಕೊಡದೆಯೂ ಆಗುತ್ತದೆಯೇ? ಕೊಟ್ಟರೆ ಕರೆದಾಗ ಏಳುವಷ್ಟೇ ಇರುತ್ತದೆಯೇ? ಆಪರೇಷನ್ ಮುಗಿಯುವವರೆಗೂ ಅರವಳಿಕೆ ವೈದ್ಯರೊಬ್ಬರು ತಲೆಯ ಹತ್ತಿರವೇ ಇರುತ್ತಾರೆಯೇ? ಉಸಿರಿನ ಅಲೆ ತೋರಿಸುವ ಮಾನಿಟರ್ ಇದೆಯೇ? ಇವನ್ನು ಮರ್ಯಾದೆಯಿಂದ ಕೇಳಿದರೆ ಬೇಸರಪಡುವ ಅರವಳಿಕೆ ವೈದ್ಯರು ಕಡಿಮೆ. ಸಾಮಾನ್ಯವಾಗಿ ಅವರ ಹೆಸರನ್ನೂ ಯಾರೂ ಕೇಳುವುದಿಲ್ಲ, ಎಲ್ಲರೂ ಸರ್ಜನ್ ಹಿಂದೆಯೇ ಇರುತ್ತಾರೆ.

ಆಪರೇಷನ್ ಆದ ರಾತ್ರಿ ವಾರ್ಡಿನಲ್ಲಿ ಪರಿಚಯದ ಮುಖವೊಂದು ಹತ್ತಿರ ಇರಲಿ. ಕನ್ನಡಕ, ಹಲ್ಲಿನ ಸೆಟ್, ಕಿವಿಯ ಮಷಿನ್ ಆದಷ್ಟು ಬೇಗ ಹಾಕಿಕೊಡಿ. ಹಗಲು ಕಿಟಕಿ ತೆರೆದಿರಲಿ, ರಾತ್ರಿ ಲೈಟು, ಮೊಬೈಲ್ ಸದ್ದು ಕಡಿಮೆ ಇರಲಿ. ವೈದ್ಯರು ಒಪ್ಪಿದ ಕೂಡಲೇ ಎಬ್ಬಿಸಿ ಕೂರಿಸಿ, ನೀರು ಕುಡಿಸಿ. ಹತ್ತು ಜನ ಸುತ್ತ ನಿಂತು "ನಾ ಯಾರ ಹೇಳು? ನಾ ಯಾರ ಹೇಳು?" ಎಂದು ಪರೀಕ್ಷೆ ಮಾಡುವುದು ಬೇಡ. "ನಾ ನಿನ್ನ ಮಗಾ, ಇದು ವಿಜಾಪುರ ದವಾಖಾನಿ, ಕಾಲಿನ ಆಪರೇಷನ್ ಆಗೇದ" ಎಂದು ನೀವೇ ಹೇಳಿ. ಮಾತು ತಪ್ಪತೊಡಗಿದರೆ ಗಾಳಿ ಸೋಕಿದೆ, ದೃಷ್ಟಿ ತಾಗಿದೆ ಎಂದು ವಿಭೂತಿ ಹಚ್ಚುವವರನ್ನು ನಾವು ತಡೆಯುವುದಿಲ್ಲ, ಆದರೆ ಅದಕ್ಕೂ ಮೊದಲು ಸಿಸ್ಟರ್‌ಗೆ ತಿಳಿಸಿ. ಗಲಾಟೆ ಮಾಡುವ ಸನ್ನಿ ಎಲ್ಲರಿಗೂ ಕಾಣುತ್ತದೆ. ಸುಮ್ಮನೆ ಮುದುಡಿ ಮಲಗಿ, ಊಟ ಬಿಟ್ಟು, ಕರೆದರೆ ಮಂಕಾಗಿ ನೋಡುವ ಇನ್ನೊಂದು ಬಗೆಯ ಸನ್ನಿ ಇದೆ. "ಪಾಪ ದಣದಾಳ, ಮಲಗಲಿ" ಎಂದು ಬಿಟ್ಟುಬಿಡುವುದು ಹೆಚ್ಚಾಗಿ ಅದನ್ನೇ.

ಡಿಸ್ಚಾರ್ಜ್ ಆಗುವಾಗ, ಸನ್ನಿ ಬಂದಿದ್ದರೆ ಅದನ್ನೂ ಕೊಟ್ಟ ಮಂಪರಿನ ಔಷಧದ ಹೆಸರನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ, ಅದರ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಮುಂದೆ ಕಣ್ಣಿನ ಪೊರೆಗೋ ಇನ್ನೊಂದು ಕಾಲಿಗೋ ಓಟಿಗೆ ಹೋಗುವಾಗ ಅರವಳಿಕೆ ವೈದ್ಯರು ಮೊದಲು ಕೇಳುವುದು ಅದನ್ನೇ.